ಬಡ್ಡಿ ದರದ ಹೊಟ್ಟೆಯೊಳಗೆ

ಮಾಲ್ಡೀವ್ಸ್‌ಗೆ ಕೆಲಸಕ್ಕೆ ಹೋಗುವ ಮೊದಲು ನಾನು ಪಾವಗಡದಲ್ಲಿ ಪ್ಲಾಂಟ್ ಹಾಕಿದ್ದ ಒಂದು ಕಂಪನಿಯ ಲೆಕ್ಕ ನೋಡುತ್ತಿದ್ದೆ. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಅದು. 2018ರ ಹರಾಜಿನಲ್ಲಿ ಅಲ್ಲಿನ ಕರೆಂಟ್ ಯೂನಿಟ್‌ಗೆ ಮೂರು ರೂಪಾಯಿಗಿಂತ ಕಡಿಮೆಗೆ ಹೋಗಿತ್ತು. ಅಂಥ ಕಡೆಯಿಂದ ಬಂದವನಿಗೆ ಸೋಲಾರ್ ಲೆಕ್ಕ ಗೊತ್ತು ಅನ್ನೋ ಜಂಬ ಇರುತ್ತದೆ. ನನಗೂ ಇತ್ತು. ಹಳೇ ಎಕ್ಸೆಲ್ ಶೀಟನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡೇ ಮಾಲ್ಡೀವ್ಸ್‌ನ ರಾಜಧಾನಿ ಮಾಲೆಗೆ ಹೋದೆ.

ಹೊಸ ಕಂಪನಿಯ ಕೆಲಸ ಕೇಳಲು ಸುಲಭ. ದ್ವೀಪಗಳಲ್ಲಿ ಶಾಲೆ, ಆಸ್ಪತ್ರೆ, ಕಚೇರಿಗಳ ಮಾಡಿನ ಮೇಲೆ ಪ್ಯಾನೆಲ್ ಹಾಕಬೇಕು, ಪಕ್ಕದಲ್ಲಿ ಬ್ಯಾಟರಿ ಇಡಬೇಕು, ಡೀಸೆಲ್ ಉಳಿಸಬೇಕು. ನನ್ನ ಪಾಲಿಗೆ ಬಂದ ಮೊದಲ ಟೆಂಡರ್‌ನಲ್ಲಿ ಕೆಲವು ದೂರದ ದ್ವೀಪಗಳಿದ್ದವು. ಎಲ್ಲ ಕೂಡಿಸಿದರೂ ಒಂದು ಮೆಗಾವ್ಯಾಟ್ ಮುಟ್ಟುತ್ತಿರಲಿಲ್ಲ.

ಮೂರು ದಿನದಲ್ಲಿ ಲೆಕ್ಕ ಮುಗಿಸಿದೆ. ಬಡ್ಡಿ 12 ಪರ್ಸೆಂಟ್ ಹಾಕಿದ್ದೆ. ಬಂದ ದರ ಡೀಸೆಲ್ ಕರೆಂಟಿಗಿಂತ ಒಂಚೂರು ಕಡಿಮೆ. ಸಾಕಲ್ಲ ಅಂದುಕೊಂಡೆ.

ನಮ್ಮ ಮೇಲಿನವರು ತಿರುವನಂತಪುರದವರು, ಮಾಲೆಯಲ್ಲೇ ತಲೆ ನರೆತವರು. ಶೀಟ್ ನೋಡಿ ಒಂದೇ ಪ್ರಶ್ನೆ ಕೇಳಿದರು.

"ಈ 12 ಎಲ್ಲಿಂದ ಬಂತು?"

"ಬ್ಯಾಂಕಿನವರು ಹೇಳಿದ್ದು ಸರ್."

"ಅವರು ಯಾಕೆ ಹೇಳಿದರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಪಾವಗಡದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಅಲ್ಲಿ ಬಡ್ಡಿ ಅಂದರೆ ಹವಾಮಾನದ ಹಾಗೆ, ಹೊರಗಿನಿಂದ ಬಂದು ಬೀಳುವ ಅಂಕಿ.

ಅವರು ಒಂದು ಹಾಳೆ ತಳ್ಳಿದರು. "ಸಾಲ ಕೊಡುವವನು ಏನೇನಕ್ಕೆ ಹೆದರುತ್ತಾನೆ, ಒಂದೊಂದೇ ಬರಿ. ಎಲ್ಲ ಕೂಡಿಸಿದರೆ ನಿನ್ನ 12 ಬರಬೇಕು." ಮೊದಲಿಗೆ ಕಿರಿಕಿರಿ ಆಯಿತು. ಪರೀಕ್ಷೆ ಕೊಟ್ಟ ಹಾಗೆ ಅಲ್ವಾ ಇದು? ಆದರೂ ಬರೆದೆ. ಕರೆಂಟ್ ಕೊಳ್ಳುವವರು ಒಬ್ಬರೇ, ಅವರು ತಡ ಮಾಡಿದರೆ ಬೇರೆ ಗಿರಾಕಿ ಇಲ್ಲ. ಬಿಲ್ ಅಲ್ಲಿನ ಹಣ ರೂಫಿಯಾದಲ್ಲಿ, ಸಾಲದ ಕಂತು ಡಾಲರ್‌ನಲ್ಲಿ. ಸುತ್ತ ಸಮುದ್ರ. ಇಷ್ಟಕ್ಕೆ ನಿಲ್ಲಿಸಿದೆ. "ಇನ್ನೊಂದು ಬಿಟ್ಟೆ. ದ್ವೀಪ ನೋಡಿ ಬಾ, ಗೊತ್ತಾಗುತ್ತದೆ" ಅಂದರು.

ಹೋದೆ. ಮೊದಲು ಚಿಕ್ಕ ವಿಮಾನ, ಆಮೇಲೆ ದೋಣಿ. ಅವರ ಭಾಷೆಯಲ್ಲೂ ಅದು ಧೋನಿಯೇ, ಕಿವಿಗೆ ಮನೆಯ ಮಾತು ಬಿದ್ದ ಹಾಗಾಯಿತು. ಇಳಿದ ಕೂಡಲೇ ಕೇಳಿಸಿದ್ದು ಜನರೇಟರ್ ಸದ್ದು. ಊರಿನ ಈ ತುದಿಯಿಂದ ಆ ತುದಿಗೆ ನಡೆಯಲು ಹತ್ತು ನಿಮಿಷ. ಎಲ್ಲೇ ನಿಂತರೂ ಆ ಗುಡುಗುಡು ಇದ್ದೇ ಇರುತ್ತದೆ. ಡೀಸೆಲ್ ಹಡಗಿನಲ್ಲಿ ಬರುತ್ತದೆ. ಅಕ್ಕಿ, ಈರುಳ್ಳಿ, ಮೊಟ್ಟೆ ಕೂಡ. ಸುತ್ತ ಮರಳಿನ ದಂಡೆ ಇರುವ ಈ ದೇಶಕ್ಕೆ ಕಟ್ಟಡ ಕಟ್ಟಲು ನದಿ ಮರಳು ಮತ್ತು ಜಲ್ಲಿ ಭಾರತದಿಂದ ಹೋಗುತ್ತದೆ. 2024–25ಕ್ಕೆ ಎರಡಕ್ಕೂ ತಲಾ ಹತ್ತು ಲಕ್ಷ ಟನ್ ಕೋಟಾ ಕೊಟ್ಟಿದ್ದರು.

ದ್ವೀಪದ ಕೌನ್ಸಿಲ್‌ನ ಹಿರಿಯರೊಬ್ಬರು ಚಹಾ ಕೊಟ್ಟು ಕೇಳಿದರು: "ನಿಮ್ಮ ಮಷಿನ್ ಕೆಟ್ಟರೆ ರಿಪೇರಿಗೆ ಯಾರು ಬರುತ್ತಾರೆ? ಯಾವ ದೋಣಿಯಲ್ಲಿ?"

ನನ್ನ ಶೀಟ್‌ನಲ್ಲಿ ಅದಕ್ಕೆ ಸಾಲು ಇತ್ತು: ವರ್ಷದ ನಿರ್ವಹಣೆ, ಯೋಜನಾ ವೆಚ್ಚದ ಇಷ್ಟು ಪರ್ಸೆಂಟ್. ಪಾವಗಡದಿಂದ ತಂದ ಪರ್ಸೆಂಟ್. ಅಲ್ಲೇ ಕೂತು ಲೆಕ್ಕ ಹಾಕಿದೆ. ಒಂದು ಇನ್ವರ್ಟರ್ ಕೆಟ್ಟರೆ ಮಾಲೆಯಿಂದ ಒಬ್ಬ ಟೆಕ್ನಿಷಿಯನ್ ಬರಬೇಕು. ವಿಮಾನ, ದೋಣಿ, ಊಟ, ಕೋಣೆ. ಮಳೆಗಾಲದಲ್ಲಿ ಕಡಲು ಇಳಿಯುವ ತನಕ ಎರಡು ದಿನ ಕಾಯಬೇಕು, ಆ ದಿನಗಳ ಸಂಬಳವೂ ನಮ್ಮದೇ. ಎರಡೇ ಸಲ ಹೀಗಾದರೆ ವರ್ಷದ ಸಾಲು ಖಾಲಿ.

ವಕೀಲರ ಫೀಸು, ಬ್ಯಾಂಕಿನ ಪರವಾಗಿ ಬರುವ ಎಂಜಿನಿಯರ್‌ನ ವರದಿ, ಪರಿಸರದ ಅಧ್ಯಯನ, ಇವೂ ಹಾಗೆಯೇ. ಯೋಜನೆ ನೂರು ಮೆಗಾವ್ಯಾಟ್ ಇರಲಿ, ಅರ್ಧ ಮೆಗಾವ್ಯಾಟ್ ಇರಲಿ, ವಕೀಲರು ಓದುವ ಪುಟಗಳು ಹೆಚ್ಚುಕಡಿಮೆ ಅಷ್ಟೇ. ನಾನು ಬಿಟ್ಟಿದ್ದ ನಾಲ್ಕನೇ ಭಯ ಇದು, ಸಣ್ಣತನದ ಭಯ. ಬ್ಯಾಂಕಿಗೆ ಐವತ್ತು ಲಕ್ಷ ಡಾಲರ್ ಸಾಲಕ್ಕೂ ಐವತ್ತು ಕೋಟಿ ಡಾಲರ್ ಸಾಲಕ್ಕೂ ಸುಮಾರು ಒಂದೇ ಕೆಲಸ. ಹಾಗಿದ್ದ ಮೇಲೆ ಸಣ್ಣದನ್ನು ಯಾಕೆ ಮುಟ್ಟುತ್ತಾರೆ? ಮುಟ್ಟಿದರೂ ಬಡ್ಡಿಯಲ್ಲಿ ವಸೂಲಿ ಮಾಡುತ್ತಾರೆ.

ಆ ಟೆಂಡರ್ ನಮಗೆ ಸಿಗಲಿಲ್ಲ. ದರ ಜಾಸ್ತಿ ಆಯಿತು. ನನ್ನ ನಿರ್ವಹಣೆ ಲೆಕ್ಕ ನೋಡಿದರೆ ಸಿಗದಿದ್ದದ್ದೇ ಪುಣ್ಯ.

ಆಮೇಲೆ ಬೇರೆಯವರು ಹೇಗೆ ಮಾಡಿದ್ದಾರೆ ಅಂತ ಓದಲು ಕೂತೆ. ಇದೇ ಮಾಲ್ಡೀವ್ಸ್‌ನಲ್ಲಿ ವಿಶ್ವಬ್ಯಾಂಕಿನ 'ಆಸ್ಪೈರ್' ಅನ್ನೋ ಯೋಜನೆ ಇದೆ. ಅವರು ಪ್ಯಾನೆಲ್‌ಗೆ ಹಣ ಸುರಿಯಲು ಹೋಗಲಿಲ್ಲ, ಖಾಸಗಿ ಕಂಪನಿಗಳ ಭಯಕ್ಕೆ ಗ್ಯಾರಂಟಿ ಕೊಟ್ಟರು. ಕರೆಂಟ್ ಕೊಂಡವರ ದುಡ್ಡು ಬರುವುದು ತಡವಾದರೆ, ಒಪ್ಪಂದ ಮಧ್ಯದಲ್ಲಿ ಮುರಿದರೆ, ರೂಫಿಯಾ ಕೊಟ್ಟರೂ ಡಾಲರ್ ಸಿಗದಿದ್ದರೆ ರಕ್ಷಣೆ ಇದೆ ಅಂದರು. ಮೊದಲ ಒಂದೂವರೆ ಮೆಗಾವ್ಯಾಟ್‌ಗೆ ಯೂನಿಟ್‌ಗೆ 21 ಸೆಂಟ್ ದರ ಬಂದಿತ್ತು. ಮುಂದಿನ 5 ಮೆಗಾವ್ಯಾಟ್‌ಗೆ 10.9 ಸೆಂಟ್. ಆಮೇಲಿನ 11 ಮೆಗಾವ್ಯಾಟ್‌ಗೆ 9.8. ನಡುವೆ ಪ್ಯಾನೆಲ್ ಬೆಲೆಯೂ ಇಳಿದಿತ್ತು, ಅದನ್ನು ಮರೆಯಬಾರದು. ಬಿಸಿಲು ಮಾತ್ರ ಅದೇ ಬಿಸಿಲು.

ಹಿಂದೂ ಮಹಾಸಾಗರದ ಇನ್ನೊಂದು ದ್ವೀಪ ದೇಶ ಸೇಶೆಲ್ಸ್ ಇನ್ನೂ ಒಳ್ಳೆಯ ಪಾಠ. 2018ರ ಅಕ್ಟೋಬರ್‌ನಲ್ಲಿ ಅದು ಜಗತ್ತಿನ ಮೊದಲ 'ನೀಲಿ ಬಾಂಡ್' ತಂದಿತು. ಮೀನುಗಾರಿಕೆ ಸುಧಾರಿಸಲು, ಸಮುದ್ರ ಕಾಪಾಡಲು ಒಂದೂವರೆ ಕೋಟಿ ಡಾಲರ್ ಸಾಲ, ಹತ್ತು ವರ್ಷಕ್ಕೆ. ಬಡ್ಡಿ 6.5 ಪರ್ಸೆಂಟ್. ವಿಶ್ವಬ್ಯಾಂಕ್ 50 ಲಕ್ಷ ಡಾಲರ್‌ಗೆ ಗ್ಯಾರಂಟಿ ನಿಂತಿತು. ಜಾಗತಿಕ ಪರಿಸರ ನಿಧಿ ಇನ್ನೊಂದು 50 ಲಕ್ಷವನ್ನು ಅಗ್ಗದ ಸಾಲವಾಗಿ ಕೊಟ್ಟು ಬಡ್ಡಿಯ ಒಂದು ಪಾಲು ಹೊತ್ತಿತು. ಸೇಶೆಲ್ಸ್ ಕೈಯಿಂದ ಹೋಗುವ ಬಡ್ಡಿ 2.8 ಪರ್ಸೆಂಟ್‌ಗೆ ಇಳಿಯಿತು. ಇದನ್ನು ನಮ್ಮ ಸರ್‌ಗೆ ತೋರಿಸಿ, "ನೋಡಿ ಸರ್, ಭಯವನ್ನೇ ತೆಗೆದುಬಿಟ್ಟಿದ್ದಾರೆ" ಅಂದೆ.

"ತೆಗೆದಿಲ್ಲಪ್ಪ. ಬೇರೆಯವರ ತಲೆ ಮೇಲೆ ಇಟ್ಟಿದ್ದಾರೆ. ಯಾರ ತಲೆ ಅಂತ ನೋಡು."

ನೋಡಿದೆ. ವಿಶ್ವಬ್ಯಾಂಕ್ ಗ್ಯಾರಂಟಿ ಕೊಡುವಾಗ ಆ ದೇಶದ ಸರ್ಕಾರದಿಂದ ಬರೆಸಿಕೊಳ್ಳುತ್ತದೆ: ನಾವು ಕಟ್ಟಬೇಕಾಗಿ ಬಂದರೆ ನೀವು ನಮಗೆ ವಾಪಸ್ ಕೊಡಬೇಕು ಅಂತ. ಮನೆಯ ಯಜಮಾನನ ಸಹಿ ಇಲ್ಲದೆ ಸೊಸೈಟಿಯಲ್ಲಿ ಸಾಲ ಹುಟ್ಟದ ಹಾಗೆ. ದ್ವೀಪದ ಸರ್ಕಾರದ ಕೈಯಲ್ಲೇ ಡಾಲರ್ ಕಡಿಮೆ ಇದ್ದರೆ? ಮಾಲ್ಡೀವ್ಸ್‌ಗೆ ಡಾಲರ್ ಬರುವುದು ಹೆಚ್ಚಾಗಿ ಪ್ರವಾಸಿಗಳಿಂದ. ಹೋಗುವುದು ಡೀಸೆಲ್‌ನಿಂದ ಹಿಡಿದು ಬಿಸ್ಕತ್ತಿನ ತನಕ ಎಲ್ಲದಕ್ಕೂ. 2024ರಲ್ಲಿ ಡಾಲರ್ ಎಷ್ಟು ಬಿಗಿಯಾಯಿತೆಂದರೆ, ಅಕ್ಟೋಬರ್‌ನಲ್ಲಿ ಭಾರತ 40 ಕೋಟಿ ಡಾಲರ್ ಮತ್ತು 3,000 ಕೋಟಿ ರೂಪಾಯಿಯ ಕರೆನ್ಸಿ ವಿನಿಮಯಕ್ಕೆ ಒಪ್ಪಿ ಕೈಹಿಡಿಯಬೇಕಾಯಿತು.

ಒಂದು ವಿಷಯಕ್ಕೆ ನನಗೆ ಈಗಲೂ ಸಿಟ್ಟಿದೆ. ಸಾಲ ಅಗ್ಗವೋ ದುಬಾರಿಯೋ ಅಂತ ತೀರ್ಮಾನಿಸುವಾಗ ಜಗತ್ತು ಮೊದಲು ನೋಡುವುದು ತಲಾ ಆದಾಯ. ರೆಸಾರ್ಟ್‌ಗಳ ದೆಸೆಯಿಂದ ಮಾಲ್ಡೀವ್ಸ್‌ನ ತಲಾ ಆದಾಯ ಚೆನ್ನಾಗಿ ಕಾಣುತ್ತದೆ. ಅದನ್ನು ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಬಿಡುಗಡೆ ಮಾಡಲು ವಿಶ್ವಸಂಸ್ಥೆ ನಿರ್ಧರಿಸಿದ್ದು 2004ರ ಡಿಸೆಂಬರ್ 20ರಂದು. ಆರು ದಿನಕ್ಕೆ ಸುನಾಮಿ ಬಂತು. ಒಂದೇ ದಿನದಲ್ಲಿ ಆದ ನಷ್ಟ ದೇಶದ ವರ್ಷದ ಉತ್ಪನ್ನದ ಸುಮಾರು 62 ಪರ್ಸೆಂಟ್. ಬಿಡುಗಡೆ ಮುಂದಕ್ಕೆ ಹೋಯಿತು, ಕೊನೆಗೆ 2011ರ ಜನವರಿಯಲ್ಲಿ ಆಯಿತು. ಆದಾಯದ ಜೊತೆ ಅಪಾಯವನ್ನೂ ಅಳೆಯುವ ಒಂದು ಸೂಚ್ಯಂಕವನ್ನು ವಿಶ್ವಸಂಸ್ಥೆ ಒಪ್ಪಿದ್ದು 2024ರ ಆಗಸ್ಟ್‌ನಲ್ಲಿ. ಸುನಾಮಿಯಾಗಿ ಇಪ್ಪತ್ತು ವರ್ಷ ಆಗುತ್ತಾ ಬಂದಿತ್ತು.

ಮುಂದಿನ ಟೆಂಡರ್‌ಗೆ ನಾವು ಮೂರು ಬದಲಾವಣೆ ಮಾಡಿದೆವು. ಹಲವು ದ್ವೀಪಗಳನ್ನು ಒಂದೇ ಸಾಲದಡಿ ಕಟ್ಟಿದೆವು, ವಕೀಲರು ಒಂದೇ ಸಲ ಓದಲಿ ಅಂತ. ಪ್ರತಿ ದ್ವೀಪದಲ್ಲೂ ಒಂದು ಹೆಚ್ಚುವರಿ ಇನ್ವರ್ಟರ್ ಇಟ್ಟು, ಊರಿನ ಇಬ್ಬರು ಹುಡುಗರಿಗೆ ಅದನ್ನು ಬದಲಿಸಲು ಕಲಿಸುವ ಖರ್ಚು ಸೇರಿಸಿದೆವು. ಶೀಟ್‌ನಲ್ಲಿ ಖರ್ಚು ಏರಿತು, ವಿಮಾನದ ಟಿಕೆಟ್ ಇಳಿಯಿತು.

ಮೂರನೆಯದು ಕೆರಿಬಿಯನ್ ದ್ವೀಪ ದೇಶ ಗ್ರೆನಡಾದಿಂದ ಕದ್ದದ್ದು. ಆ ದೇಶ 2015ರಲ್ಲಿ ಸಾಲ ಮರುಹೊಂದಿಸುವಾಗ ಒಂದು ಷರತ್ತು ಬರೆಸಿತ್ತು: ದೊಡ್ಡ ಚಂಡಮಾರುತ ಬಂದರೆ ಕಂತು ಮುಂದೂಡಬಹುದು. 2024ರ ಜುಲೈ 1ಕ್ಕೆ ಬೆರಿಲ್ ಚಂಡಮಾರುತ ಅದರ ಕ್ಯಾರಿಯಾಕು ದ್ವೀಪವನ್ನು ಕೆಡವಿತು. ಗ್ರೆನಡಾ ಆ ಷರತ್ತನ್ನು ಬಳಸಿ ಕಂತು ಮುಂದೂಡಿತು. ಬಾಂಡ್‌ನಲ್ಲಿ ಬರೆದಿದ್ದ ಇಂಥ ಷರತ್ತನ್ನು ಒಂದು ದೇಶ ಬಳಸಿದ್ದು ಅದೇ ಮೊದಲು. ಹಣ ಮಾಫಿ ಆಗಲಿಲ್ಲ, ಸಮಯ ಸಿಕ್ಕಿತು. ಮಾಡು ಹಾರಿಹೋದ ತಿಂಗಳಲ್ಲಿ ಸಮಯವೇ ದುಡ್ಡು ತಾನೇ?

ನಮ್ಮ ಬ್ಯಾಂಕ್‌ಗೆ ಇಂಥದ್ದೇ ಸಾಲು ಬೇಕು ಅಂತ ಕೇಳಿದೆ. ಆಚೆ ಕಡೆಯವರು ಫೋನ್‌ನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮಾಲ್ಡೀವ್ಸ್‌ನಲ್ಲಿ ಅಂಥ ಚಂಡಮಾರುತ ಎಲ್ಲಿ ಬರುತ್ತದೆ?" ಅಂದರು. "ಸಮುದ್ರ ಉಕ್ಕಿದರೆ ಅಂತ ಬರೆಯಿರಿ, ಹೆಸರು ಯಾವುದಾದರೇನು" ಅಂದೆ. ಆರು ತಿಂಗಳ ವಿನಾಯಿತಿ ಕೇಳಿದ್ದೆ, ಮೂರು ತಿಂಗಳು ಕೊಟ್ಟರು. ಅದಕ್ಕೆ ಬಡ್ಡಿ ಕಾಲು ಪರ್ಸೆಂಟ್ ಏರಿಸಿದರು ಅನ್ನಿ.

ಈಗ ನನ್ನ ಶೀಟ್‌ನಲ್ಲಿ ಬಡ್ಡಿಗೆ ಒಂದು ಕೋಶ ಇಲ್ಲ, ಒಂದು ಪೂರ್ತಿ ಪುಟ ಇದೆ. ಅದಕ್ಕೆ ಸುಮ್ನೆ 'ಭಯ' ಅಂತ ಕನ್ನಡದಲ್ಲಿ ಹೆಸರಿಟ್ಟಿದ್ದೆ. ಸರ್ ಅಕ್ಷರ ಓದಿಸಿಕೊಂಡು, "ನಮ್ಮಲ್ಲೂ ಅದೇ, ಭಯಂ" ಅಂದರು. ಪಕ್ಕದ ಮೇಜಿನ ಮಾಲೆಯ ಹುಡುಗಿ, "ನಮ್ಮ ಭಾಷೆಯಲ್ಲಿ ಬಿರು" ಅಂದಳು. ಶೀಟನ್ನು ದಿನಾ ತೆರೆಯುವವಳು ಅವಳೇ ಆದ್ದರಿಂದ ಆ ಪುಟದ ಹೆಸರು ಈಗ ಬಿರು.