ಓಡಿಸಿದರೆ ಮಾತ್ರೆ ಬಿಡಿಸಬಹುದೇ?

"ದಿನವೂ ಓಡಿಸಿದರೆ ಮಗನಿಗೆ ಮಾತ್ರೆ ಬೇಕಾಗುವುದಿಲ್ಲ, ಅಲ್ಲವೇ ಮೇಡಂ?"

ಪೋಷಕರ ಸಭೆ ಮುಗಿದು ಎಲ್ಲರೂ ಹೊರಟ ಮೇಲೆ, ಬಾಗಿಲ ಬಳಿ ಹಿಂದೆ ಉಳಿದ ತಾಯಿಯೊಬ್ಬರು ಮೆಲ್ಲನೆ ಕೇಳುವ ಪ್ರಶ್ನೆ ಇದು. ಅವರ ಮಗನಂತೆ ನನಗೂ ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ ಇದೆ, ಬೆಳಗ್ಗೆ ಕುಕ್ಕರಹಳ್ಳಿ ಕೆರೆಯ ಸುತ್ತ ಬಿರುಸಾಗಿ ನಡೆಯುತ್ತೇನೆ ಎಂಬುದು ಅವರ ಕಿವಿಗೆ ಬಿದ್ದಿರುತ್ತದೆ. ಹೌದು ಎನ್ನಿಸಿಕೊಳ್ಳುವ ಆಸೆಯಿಂದ ಬಂದಿರುತ್ತಾರೆ. ನಾನು ಇಲ್ಲ ಎನ್ನುತ್ತೇನೆ. ಅವರ ಮುಖ ಬಾಡುವುದನ್ನು ನೋಡಿ ಸಂಕಟವಾಗುತ್ತದೆ, ಏಕೆಂದರೆ ವ್ಯಾಯಾಮದ ಬಗ್ಗೆ ನನಗಿರುವ ನಂಬಿಕೆ ಅವರಿಗಿಂತ ಕಡಿಮೆಯೇನಲ್ಲ.

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನಿಂತು, ಓಡಾಡಿ, ಹಲಗೆಯ ಮೇಲೆ ಬರೆದು ಪಾಠ ಮಾಡುವುದು ನನಗೆ ಸುಲಭ. ಕಷ್ಟವೆಲ್ಲ ಉತ್ತರ ಪತ್ರಿಕೆಗಳ ಕಟ್ಟಿನದು. ದಾರ ಬಿಚ್ಚಿ ಮೊದಲ ಪತ್ರಿಕೆ ತೆಗೆದರೆ ಮೂರನೆಯ ಲೆಕ್ಕಕ್ಕೆ ಬರುವಷ್ಟರಲ್ಲಿ ಗಮನ ಜಾರಿರುತ್ತದೆ. ಹಿಂದಿನ ಪುಟಕ್ಕೆ ಅಂಕ ಹಾಕಿದೆನೇ ಎಂದು ತಿರುವುತ್ತೇನೆ. ಗ್ಯಾಸ್ ಆರಿಸಿದೆನೇ ಎಂದು ಏಳುತ್ತೇನೆ. ಅಡುಗೆಮನೆಗೆ ಹೋದವಳು ಸಾಸಿವೆ ಡಬ್ಬಿಯನ್ನು ತೊಳೆದಿಡುತ್ತಾ ನಿಂತುಬಿಡುತ್ತೇನೆ. ಒಂದು ಗಂಟೆಗೆ ನಾಲ್ಕು ಪತ್ರಿಕೆ. ಅರ್ಧ ಗಂಟೆ ಬೆವರು ಇಳಿಯುವಂತೆ ನಡೆದು ಬಂದು, ಮುಖ ತೊಳೆದ ಕೂಡಲೇ ಕುಳಿತ ದಿನ ಅದೇ ಒಂದು ಗಂಟೆಗೆ ಹತ್ತು. ಕೆಂಪು ಪೆನ್ನು ಮೂರನೆಯ ಲೆಕ್ಕದಿಂದ ನಾಲ್ಕನೆಯದಕ್ಕೆ ತಾನಾಗಿ ಇಳಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಈ ಹಿಡಿತ ಸಡಿಲವಾಗುತ್ತದೆ. ಸಂಜೆಗೆ ನಾನು ಮತ್ತೆ ಸಾಸಿವೆ ಡಬ್ಬಿಯ ಮುಂದೆ.

ಹೀಗೇಕೆ ಎಂಬುದು ಒಗಟೇನಲ್ಲ. ಗಮನವನ್ನು ಒಂದೆಡೆ ಹಿಡಿದಿಡಲು ಮಿದುಳಿನ ಮುಂಭಾಗಕ್ಕೆ ಡೋಪಮಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಬೇಕು. ಎಡಿಎಚ್‌ಡಿಗೆ ವೈದ್ಯರು ಕೊಡುವ ಮೀಥೈಲ್‌ಫೆನಿಡೇಟ್ ಮಾತ್ರೆ ಕೆಲಸ ಮಾಡುವುದು ಇವುಗಳ ಮೇಲೆಯೇ. ಏದುಸಿರು ಬರುವಂಥ ವ್ಯಾಯಾಮವೂ ಸ್ವಲ್ಪ ಹೊತ್ತು ಇವುಗಳ ಚಟುವಟಿಕೆಯನ್ನು ಹೆಚ್ಚಿಸುತ್ತದೆ. 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 8ರಿಂದ 10 ವರ್ಷದ 40 ಮಕ್ಕಳಿದ್ದರು. ಅವರಲ್ಲಿ 20 ಮಂದಿಗೆ ಎಡಿಎಚ್‌ಡಿ ಇತ್ತು. ಒಂದು ದಿನ 20 ನಿಮಿಷ ಟ್ರೆಡ್‌ಮಿಲ್ ಮೇಲೆ ನಡೆಸಿದರು, ಇನ್ನೊಂದು ದಿನ ಅಷ್ಟೇ ಹೊತ್ತು ಕೂರಿಸಿ ಓದಿಸಿದರು. ನಡೆದ ದಿನ ಎರಡೂ ಗುಂಪಿನ ಮಕ್ಕಳು ಓದಿನಲ್ಲೂ ಲೆಕ್ಕದಲ್ಲೂ ಹೆಚ್ಚು ಚೆನ್ನಾಗಿ ಉತ್ತರಿಸಿದರು. ನನ್ನ ಕೆಂಪು ಪೆನ್ನಿನ ಅನುಭವಕ್ಕೆ ಇದು ಬಹಳ ಹತ್ತಿರದ ಮಾತು. ಆದರೆ ಅವರು ಅಳೆದದ್ದೂ ವ್ಯಾಯಾಮದ ಬೆನ್ನಿಗೆ ಬರುವ ಆ ಸ್ವಲ್ಪ ಹೊತ್ತನ್ನೇ. ಆದ್ದರಿಂದ ಯಾವ ಕೆಲಸ ಕಷ್ಟವೋ ಅದನ್ನು ಆ ಹೊತ್ತಿಗೆ ಇಟ್ಟುಕೊಳ್ಳಿ ಎಂದು ಆ ತಾಯಂದಿರಿಗೆ ಹೇಳುತ್ತೇನೆ. ಆಟ ಮುಗಿಸಿ ಬಂದ ಮಗುವಿನ ಕೈಗೆ ಮೊಬೈಲ್ ಕೊಟ್ಟು, ರಾತ್ರಿ ಒಂಬತ್ತಕ್ಕೆ ಹೋಂವರ್ಕ್‌ಗೆ ಕೂರಿಸಿದರೆ ಕೈಗೆ ಬಂದದ್ದನ್ನು ಚೆಲ್ಲಿದಂತೆ. ಮಾತ್ರೆಯನ್ನು ಕಡಿಮೆ ಮಾಡುವುದು, ನಿಲ್ಲಿಸುವುದು ಮಗುವಿನ ವೈದ್ಯರ ಜೊತೆ ಕುಳಿತು ತೀರ್ಮಾನಿಸಬೇಕಾದ ವಿಷಯ. ನಾನು ಮಾತ್ರೆಯನ್ನೂ ತೆಗೆದುಕೊಳ್ಳುತ್ತೇನೆ, ನಡೆಯುವುದನ್ನೂ ಬಿಟ್ಟಿಲ್ಲ.

ಯಾವ ವ್ಯಾಯಾಮ ಎಂದೂ ಕೇಳುತ್ತಾರೆ. ಮಗು ನಾಳೆಯೂ ಮಾಡಲು ಒಪ್ಪುವಂಥದ್ದು. ಕಬಡ್ಡಿ, ಈಜು, ಸೈಕಲ್, ಹಗ್ಗದಾಟ, ಯಾವುದಾದರೂ ಸರಿ. ನಮ್ಮಂಥವರಿಗೆ ಹೊಸತು ಬೇಗ ಹಳಸುತ್ತದೆ. ತಿಂಗಳಿಗೇ ಬೇಸರ ಬಂದರೆ ಸೋಮಾರಿತನ ಎಂದು ಬೈಯದೆ ಆಟವನ್ನು ಬದಲಿಸಿ. ಜೊತೆಗೆ ಒಬ್ಬರು ಇದ್ದರೆ ಅರ್ಧ ಕೆಲಸ ಆದಂತೆ. ಗೇಟಿನ ಬಳಿ ಪಕ್ಕದ ಮನೆಯ ಅಕ್ಕ ಬಂದು ನಿಂತಿರುತ್ತಾರೆ ಎಂಬ ಕಾರಣಕ್ಕೇ ನಾನು ಹಾಸಿಗೆ ಬಿಟ್ಟ ಬೆಳಗುಗಳು ಎಷ್ಟೋ.

ನನಗೆ ತಡೆಯಲಾಗದ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ನಾನು ಓದಿದ ಶಾಲೆಯಲ್ಲಿ, ಕುಳಿತಲ್ಲಿ ಕೂರದ ಮಗುವಿಗೆ ಮೊದಲ ಶಿಕ್ಷೆಯೇ ಆಟದ ಅವಧಿಯನ್ನು ಕಿತ್ತುಕೊಳ್ಳುವುದಾಗಿತ್ತು. ಉಳಿದವರು ಮೈದಾನದಲ್ಲಿ ಕೂಗಾಡುತ್ತಿದ್ದರೆ ನಾನು ಕಿಟಕಿಯ ಪಕ್ಕ ಮಗ್ಗಿ ಬರೆಯುತ್ತಿದ್ದೆ, ಬೆಂಚಿನ ಕೆಳಗೆ ಕಾಲು ಕುಣಿಯುತ್ತಿತ್ತು. ಇನ್ನೊಂದು ಶಿಕ್ಷೆ ಬಸ್ಕಿ. ಯಾವುದರಿಂದ ಆ ಮಗುವಿಗೆ ನೆರವಾಗುತ್ತಿತ್ತೋ ಅದನ್ನು ಒಂದೋ ಕಸಿದುಕೊಂಡರು, ಇಲ್ಲವೇ ಅವಮಾನವಾಗಿಸಿದರು. ಪರೀಕ್ಷೆ ಹತ್ತಿರ ಬಂತೆಂದು ಆಟದ ಅವಧಿಯನ್ನು ಕೇಳಿ ಪಡೆಯುವ ಗಣಿತ ಶಿಕ್ಷಕರಲ್ಲಿ ಕೆಲವು ವರ್ಷ ನಾನೂ ಇದ್ದೆ. ಆ ಮಕ್ಕಳಿಗೆ ಅನ್ಯಾಯ ಮಾಡಿದೆ.

ಈ ವರ್ಷ ವೇಳಾಪಟ್ಟಿ ಬರೆಯುವಾಗ ಎಂಟನೆಯ ತರಗತಿಯ ಗಣಿತವನ್ನು ಆಟದ ಅವಧಿ ಮುಗಿದ ಕೂಡಲೇ ಬರುವಂತೆ ಕೇಳಿ ಹಾಕಿಸಿಕೊಂಡೆ. ಮಕ್ಕಳು ಮೊಣಕಾಲಿನ ತನಕ ಕೆಂಪು ಧೂಳಿನೊಂದಿಗೆ ಒಳಗೆ ಬರುತ್ತಾರೆ. ಐದು ನಿಮಿಷ ನೀರು ಕುಡಿಯಲು ಬಿಡುತ್ತೇನೆ. ಆಮೇಲೆ ಬೀಜಗಣಿತ.