ಹಳೇ ಕಂಪ್ಯೂಟರ್ ಮಾರುವ ಮುಂಚೆ ಡಿಸ್ಕ್ ಅಳಿಸುವ ಕೆಲಸ: ಎಲ್ಲಿಗೆ ಬಂತು

ಶನಿವಾರ ಬೆಳಿಗ್ಗೆ

ಮನೆಯ ಹಳೇ ಡೆಸ್ಕ್‌ಟಾಪ್ ಮಾರಬೇಕು. ಒಳಗೆ ಎರಡು ಡಿಸ್ಕ್ ಇವೆ. ವಿಂಡೋಸ್ ಇರುವುದು 240 ಜಿಬಿ ಎಸ್‌ಎಸ್‌ಡಿಯಲ್ಲಿ (ತಿರುಗುವ ತಟ್ಟೆ ಇಲ್ಲದೆ ಚಿಪ್‌ಗಳಲ್ಲಿ ಬರೆದಿಡುವ ಡಿಸ್ಕ್). ಉಳಿದದ್ದೆಲ್ಲ 1 ಟಿಬಿ ಹಾರ್ಡ್ ಡಿಸ್ಕ್‌ನಲ್ಲಿ. ಮನೆಮಂದಿಯೆಲ್ಲ ಬಳಸಿದ ಕಂಪ್ಯೂಟರ್ ಇದು. ಗುರುತಿನ ಚೀಟಿಗಳ ಸ್ಕ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್, ಅಪ್ಪನ ಆಸ್ಪತ್ರೆ ರಿಪೋರ್ಟ್, ಮಕ್ಕಳ ಫೋಟೋ, ಬ್ರೌಸರ್‌ನಲ್ಲಿ ಉಳಿದ ಪಾಸ್‌ವರ್ಡ್ ಎಲ್ಲ ಇದರಲ್ಲೇ ಇವೆ. ಕೊಳ್ಳುವವರು ಒಳ್ಳೆಯವರೇ ಇರಬಹುದು. ಆದರೆ ಅವರಿಂದ ಮುಂದೆ ಯಾರ ಕೈಗೆ ಹೋಗುತ್ತದೋ ಯಾರಿಗೆ ಗೊತ್ತು?

ಹಾಗಾಗಿ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಅಳಿಸುವ ಸಾಫ್ಟ್‌ವೇರ್ 'ಮುಗಿಯಿತು' ಅಂದರೆ ಸಾಲದು. ಆಮೇಲೆ ನಾನೇ ಕೂತು ಫೈಲ್ ವಾಪಸ್ ತೆಗೆಯಲು ನೋಡಬೇಕು. ಏನೂ ಸಿಗಬಾರದು. ಸಿಗಲಿಲ್ಲ ಅಂದ ಮೇಲೇ ಮಾರಾಟದ ಮಾತು.

ಅಳಿಸುವ ಮುಂಚಿನ ಕೆಲಸ ಇವತ್ತು ಮುಗಿಯಿತು. ಬೇಕಾದದ್ದನ್ನೆಲ್ಲ ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿದೆ. ಕಾಪಿ ಸರಿಯಾಗಿದೆಯೇ ಎಂದು ಚೆಕ್‌ಸಮ್ (ಫೈಲಿನ ಒಳಗಿನದರಿಂದ ಲೆಕ್ಕ ಹಾಕುವ ಗುರುತಿನ ಸಂಖ್ಯೆ) ಹಾಕಿ ತಾಳೆ ನೋಡಿದೆ. ಈ ಹೆಜ್ಜೆ ದಾಟಿ ಹೋಗಬೇಡಿ, ಆಮೇಲೆ ಹಿಂದಕ್ಕೆ ಬರುವ ದಾರಿ ಇರುವುದಿಲ್ಲ. ಬ್ರೌಸರ್, ಇಮೇಲ್, ವಾಟ್ಸಾಪ್ ಎಲ್ಲದರಿಂದ ಲಾಗೌಟ್ ಆದೆ. ಹಣ ಕೊಟ್ಟು ಕೊಂಡ ಸಾಫ್ಟ್‌ವೇರ್‌ಗಳ ಲೈಸೆನ್ಸ್‌ಗಳನ್ನು ಈ ಯಂತ್ರದಿಂದ ಬಿಡಿಸಿಕೊಂಡೆ. ಕೆಲವನ್ನು ಅದೇ ಯಂತ್ರದಿಂದಲೇ ಬಿಡಿಸಬೇಕು. ಡಿಸ್ಕ್ ಖಾಲಿಯಾದ ಮೇಲೆ ಅವರ ಹೆಲ್ಪ್‌ಲೈನ್‌ಗೆ ಅಲೆಯಬೇಕಾಗುತ್ತದೆ. ಡಿವಿಡಿ ಟ್ರೇ ತೆಗೆದು ನೋಡಿದೆ. ಕಾರ್ಡ್ ರೀಡರ್‌ನ ಬಾಯಿಗೂ ಟಾರ್ಚ್ ಬಿಟ್ಟು ನೋಡಿದೆ.

ಶನಿವಾರ ಮಧ್ಯಾಹ್ನ

ಅಳಿಸುವ ಮೊದಲು ಒಂದು ಪ್ರಯೋಗ. ಸಾಮಾನ್ಯವಾಗಿ ಜನ ಏನು ಮಾಡುತ್ತಾರೋ ಅದನ್ನೇ ಹಾರ್ಡ್ ಡಿಸ್ಕ್ ಮೇಲೆ ಮಾಡಿದೆ. ಎಲ್ಲ ಫೋಲ್ಡರ್ ಡಿಲೀಟ್, ರೀಸೈಕಲ್ ಬಿನ್ ಖಾಲಿ, ಆಮೇಲೆ ಕ್ವಿಕ್ ಫಾರ್ಮ್ಯಾಟ್. ವಿಂಡೋಸ್ ಪ್ರಕಾರ ಡಿಸ್ಕ್ ಪೂರ್ತಿ ಖಾಲಿ. ನಂತರ ಅಳಿಸಿದ ಫೈಲ್ ಹುಡುಕಿ ವಾಪಸ್ ತೆಗೆಯುವ ಫೋಟೋರೆಕ್ ಓಡಿಸಿದೆ. ಉಚಿತವಾಗಿ ಸಿಗುವ ಸಾಫ್ಟ್‌ವೇರ್ ಅದು, ಯಾರು ಬೇಕಾದರೂ ಬಳಸಬಹುದು.

ಕೆಲವೇ ನಿಮಿಷಗಳಲ್ಲಿ ಚಿತ್ರಗಳು ಸಾಲಾಗಿ ಬರತೊಡಗಿದವು. ಹೆಸರು ಮಾತ್ರ ಇಲ್ಲ, ಒಂದು ಅಕ್ಷರ, ಮುಂದೆ ಒಂದಷ್ಟು ಅಂಕಿ. ಅವುಗಳಲ್ಲಿ ಒಂದನ್ನು ತೆರೆದೆ. ಅಮ್ಮನ ಗುರುತಿನ ಚೀಟಿಯ ಸ್ಕ್ಯಾನ್. ಹುಟ್ಟಿದ ದಿನ, ವಿಳಾಸ, ಸಹಿ ಎಲ್ಲ ಸ್ಪಷ್ಟ. ಚೀಟಿಯ ಮೂಲೆ ಮಡಿಚಿದ ಗೆರೆ ಕೂಡ ಕಾಣುತ್ತಿತ್ತು. ಹೀಗಾಗುತ್ತದೆ ಎಂದು ಗೊತ್ತಿದ್ದೂ ಮೈ ಜುಮ್ಮೆಂದಿತು.

ಹೀಗಾಗಲು ಕಾರಣ ಸರಳ. ಫೈಲ್ ಡಿಲೀಟ್ ಮಾಡಿದಾಗ ವಿಂಡೋಸ್ ಆ ಫೈಲಿನ ದಾಖಲೆಯ ಮೇಲೆ 'ಈ ಜಾಗ ಇನ್ನು ಬೇರೆಯದಕ್ಕೆ ಸಿಗುತ್ತದೆ' ಎಂದು ಗುರುತು ಹಾಕುತ್ತದೆ, ಅಷ್ಟೇ. ಒಳಗಿನ ಮಾಹಿತಿ ಇದ್ದಲ್ಲೇ ಇರುತ್ತದೆ. ಅದರ ಮೇಲೆ ಬೇರೇನಾದರೂ ಬರೆಯುವ ತನಕ ಅಲ್ಲೇ ಇರುತ್ತದೆ. ಕ್ವಿಕ್ ಫಾರ್ಮ್ಯಾಟ್ ಹೊಸ ಪಟ್ಟಿ ಮಾಡಿಕೊಡುತ್ತದೆ, ಒಳಗಿನದನ್ನು ಮುಟ್ಟುವುದಿಲ್ಲ. ಫೋಟೋರೆಕ್‌ಗೆ ಆ ಪಟ್ಟಿಯೇ ಬೇಡ. ಅದು ಡಿಸ್ಕ್ ಅನ್ನು ಮೊದಲಿನಿಂದ ಕೊನೆವರೆಗೆ ಓದುತ್ತಾ ಫೈಲುಗಳ ತಲೆಭಾಗ ಹುಡುಕುತ್ತದೆ. ಜೆಪೆಗ್ ಚಿತ್ರ ಯಾವತ್ತೂ 'ಎಫ್‌ಎಫ್ ಡಿ8 ಎಫ್‌ಎಫ್' ಎಂಬ ಮೂರು ಬೈಟ್‌ಗಳಿಂದಲೇ ಶುರುವಾಗುತ್ತದೆ. ಅದು ಕಂಡ ಕೂಡಲೇ ಅಲ್ಲಿಂದ ಚಿತ್ರ ಎತ್ತಿಕೊಳ್ಳುತ್ತದೆ.

ಇದು ಬರೀ ನನ್ನ ಮನೆಯ ಕಥೆಯಲ್ಲ. ಎಂಐಟಿಯಲ್ಲಿ ಓದುತ್ತಿದ್ದ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲತ್ 158 ಹಳೇ ಹಾರ್ಡ್ ಡಿಸ್ಕ್ ಕೊಂಡು ಪರೀಕ್ಷಿಸಿದರು, 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಓದಲು ಬಂದ 129 ಡಿಸ್ಕ್‌ಗಳಲ್ಲಿ ಸರಿಯಾಗಿ ಅಳಿಸಿದ್ದು ಬರೀ 12. ಉಳಿದವುಗಳಲ್ಲಿ ಸಾವಿರಾರು ಕ್ರೆಡಿಟ್ ಕಾರ್ಡ್ ನಂಬರ್‌ಗಳೂ ಸಿಕ್ಕಿದ್ದವು.

ಶನಿವಾರ ರಾತ್ರಿ

ಹಾರ್ಡ್ ಡಿಸ್ಕ್ ಮೇಲೆ ಸೊನ್ನೆ ಬರೆಯಲು ಬಿಟ್ಟಿದ್ದೇನೆ. ಪೆನ್ ಡ್ರೈವ್‌ನಿಂದ ಶ್ರೆಡ್‌ಓಎಸ್ ಬೂಟ್ ಮಾಡಿದೆ, ಅದರೊಳಗೆ ಡಿಸ್ಕ್ ಅಳಿಸುವ ಎನ್‌ವೈಪ್ ಇರುತ್ತದೆ. ಶುರು ಮಾಡುವ ಮುಂಚೆ ಬ್ಯಾಕಪ್ ಡಿಸ್ಕ್‌ನ ಕೇಬಲ್ ಕಿತ್ತು ಬೇರೆ ಕೋಣೆಯಲ್ಲಿಟ್ಟೆ. ಪರದೆಯ ಮೇಲಿನ ಸೀರಿಯಲ್ ನಂಬರನ್ನು ಡಿಸ್ಕ್‌ನ ಲೇಬಲ್ ಜೊತೆ ಅಂಕಿ ಅಂಕಿಯಾಗಿ ಹೋಲಿಸಿದೆ. ಇಲ್ಲಿ ಗಾತ್ರ ನೋಡಿ ಡಿಸ್ಕ್ ಆರಿಸುವುದು ಅಪಾಯ. ಒಂದೇ ಗಾತ್ರದ ಎರಡು ಡಿಸ್ಕ್ ಇದ್ದರೆ ಮುಗಿಯಿತು.

ಎಷ್ಟು ಸಲ ಬರೆಯಬೇಕು ಅನ್ನೋದೇ ಎಲ್ಲರ ಪ್ರಶ್ನೆ. 35 ಸಲ ಎನ್ನುವ ಮಾತು ಕಂಪ್ಯೂಟರ್ ಭದ್ರತೆಯ ಸಂಶೋಧಕ ಪೀಟರ್ ಗುಟ್‌ಮನ್ ಅವರ 1996ರ ಪ್ರಬಂಧದಿಂದ ಬಂದದ್ದು. ಆ ಕಾಲದ ಡಿಸ್ಕ್‌ಗಳು ಬೇರೆ ಬೇರೆ ರೀತಿಯಲ್ಲಿ ಮಾಹಿತಿ ಬರೆಯುತ್ತಿದ್ದವು. ಅವೆಲ್ಲಕ್ಕೂ ಸೇರಿ 35 ಮಾದರಿ ಆಯಿತು. ಯಾವ ಒಂದು ಡಿಸ್ಕ್‌ಗೂ ಅಷ್ಟೂ ಬೇಕಿರಲಿಲ್ಲ. ಇದನ್ನು ಗುಟ್‌ಮನ್ ಅವರೇ ಆಮೇಲೆ ಬರೆದಿದ್ದಾರೆ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್‌ನ 800-88 ಮಾರ್ಗಸೂಚಿ 2014ರ ಆವೃತ್ತಿಯಲ್ಲಿ ಹೇಳುವುದು ಇಷ್ಟು: ಇಂಥ ಡಿಸ್ಕ್‌ಗಳ ಮೇಲೆ ಒಂದು ಸಲ ಸೊನ್ನೆ ಬರೆದರೂ, ಸಾಮಾನ್ಯವಾಗಿ ಪ್ರಯೋಗಾಲಯದಲ್ಲೂ ಹಳೆಯದನ್ನು ತೆಗೆಯುವುದು ಕಷ್ಟ. ಹಾಗಾಗಿ ನನ್ನದು ಒಂದೇ ಸುತ್ತು. ಉಳಿದ ಸಮಯ ಪರೀಕ್ಷೆಗೆ. ಮೂರು ಸಲ, ಏಳು ಸಲ ಬರೆದು ಒಮ್ಮೆಯೂ ತಿರುಗಿ ನೋಡದವರಿಗಿಂತ ಒಮ್ಮೆ ಬರೆದು ಪೂರ್ತಿ ಓದಿ ನೋಡಿದವರೇ ವಾಸಿ.

ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಸ್ಮಾರ್ಟ್ ವರದಿಯನ್ನೂ ಮೊದಲೇ ನೋಡಿಕೊಂಡೆ. ಕೆಟ್ಟ ಸೆಕ್ಟರ್‌ಗಳ (ಸೆಕ್ಟರ್ ಅಂದರೆ ಡಿಸ್ಕ್‌ನ ಒಂದು ಸಣ್ಣ ತುಂಡು ಜಾಗ) ಬದಲಿ ಲೆಕ್ಕ ಸೊನ್ನೆ ಇದೆ, ಒಳ್ಳೆಯದಾಯಿತು. ಡಿಸ್ಕ್ ಯಾವುದಾದರೂ ಸೆಕ್ಟರನ್ನು ಕೆಟ್ಟಿದೆ ಎಂದು ಪಕ್ಕಕ್ಕಿಟ್ಟಿದ್ದರೆ ನಾವು ಬರೆಯುವ ಸೊನ್ನೆ ಅಲ್ಲಿಗೆ ತಲುಪುವುದಿಲ್ಲ.

ಬರೆಯುವ ವೇಗ ಶುರುವಿನಲ್ಲಿ ಜಾಸ್ತಿ, ಹೋಗ್ತಾ ಹೋಗ್ತಾ ಇಳಿಯುತ್ತದೆ. ನೋಡಿ ಗಾಬರಿ ಬೀಳಬೇಡಿ. ಡಿಸ್ಕ್ ಒಳಗೆ ತಿರುಗುವ ತಟ್ಟೆಯ ಹೊರಗಿನ ಸುತ್ತುಗಳಲ್ಲಿ ಸೆಕ್ಟರ್ ಹೆಚ್ಚು, ಒಳಗಿನ ಸುತ್ತುಗಳಲ್ಲಿ ಕಡಿಮೆ. ತಿರುಗುವ ವೇಗ ಒಂದೇ. ಹಾಗಾಗಿ ಒಳಗೆ ಹೋದಂತೆ ನಿಧಾನ.

ವಿಂಡೋಸ್‌ನಲ್ಲೇ ಮಾಡಬೇಕು ಅನ್ನುವವರಿಗೆ ಅದರದೇ ಡಿಸ್ಕ್‌ಪಾರ್ಟ್ ಸಾಧನದ 'ಕ್ಲೀನ್ ಆಲ್' ಇದೆ, ಇಡೀ ಡಿಸ್ಕ್ ಮೇಲೆ ಸೊನ್ನೆ ಬರೆಯುತ್ತದೆ. ಬರೀ 'ಕ್ಲೀನ್' ಅಂದರೆ ಪಾರ್ಟಿಶನ್ ಪಟ್ಟಿ ಮಾತ್ರ ಹೋಗುತ್ತದೆ. ಮುಂದಿನ 'ಆಲ್' ಮರೆಯಬಾರದು.

ಭಾನುವಾರ ಬೆಳಿಗ್ಗೆ

ಹಾರ್ಡ್ ಡಿಸ್ಕ್ ಮುಗಿದಿದೆ. ಈಗ ನನ್ನ ನಿಯಮದ ಪರೀಕ್ಷೆ. ಡಿಸ್ಕ್‌ನ ಬೈಟ್‌ಗಳನ್ನು ಇದ್ದ ಹಾಗೇ ತೋರಿಸುವ ಹೆಕ್ಸ್‌ಡಂಪ್ ಹಾಕಿ ಇಡೀ ಡಿಸ್ಕ್ ಓದಿಸಿದೆ. ಒಂದೇ ಥರದ ಸಾಲು ಮತ್ತೆ ಮತ್ತೆ ಬಂದರೆ ಅದು ಮೊದಲ ಸಾಲು ತೋರಿಸಿ, ಉಳಿದದ್ದಕ್ಕೆಲ್ಲ ಒಂದು ನಕ್ಷತ್ರದ ಗುರುತು ಹಾಕುತ್ತದೆ. ಗಂಟೆಗಟ್ಟಲೆ ಓದಿದ ಮೇಲೆ ನನ್ನ ಪರದೆಯಲ್ಲಿ ಇದ್ದದ್ದು ಇಷ್ಟೇ: ಸೊನ್ನೆಗಳ ಒಂದು ಸಾಲು, ಕೆಳಗೆ ಒಂದು ನಕ್ಷತ್ರ, ಅದರ ಕೆಳಗೆ ಕೊನೆಯ ವಿಳಾಸ. ಆ ವಿಳಾಸವನ್ನು ಲೆಕ್ಕ ಹಾಕಿದರೆ 10,00,20,48,86,016 ಬೈಟ್. ಡಿಸ್ಕ್ ತನ್ನಲ್ಲಿದೆ ಎಂದು ಹೇಳುವ 1,95,35,25,168 ಸೆಕ್ಟರ್‌ಗಳನ್ನು 512ರಿಂದ ಗುಣಿಸಿದರೂ ಅದೇ ಬರುತ್ತದೆ. ಅಂದರೆ ಕೊನೆಯ ಸೆಕ್ಟರ್ ತನಕ ಓದಿದೆ, ಎಲ್ಲೂ ಸೊನ್ನೆ ಬಿಟ್ಟು ಬೇರೇನೂ ಇಲ್ಲ. ನೋಡಿ ತುಂಬಾ ಖುಷಿಯಾಯಿತು. ಫೋಟೋರೆಕ್ ಮತ್ತೆ ಓಡಿಸಿದೆ. ಒಂದು ಫೈಲೂ ಸಿಗಲಿಲ್ಲ.

ಭಾನುವಾರ ಸಂಜೆ

ಎಸ್‌ಎಸ್‌ಡಿ ಕಥೆಯೇ ಬೇರೆ. ಇಡೀ ಕೆಲಸದಲ್ಲಿ ನಾನು ಹೆಚ್ಚು ತಲೆ ಕೆಡಿಸಿಕೊಂಡದ್ದು ಇದಕ್ಕೇ.

ಹಾರ್ಡ್ ಡಿಸ್ಕ್‌ನಲ್ಲಿ ಒಂದು ಸೆಕ್ಟರ್ ಮೇಲೆ ಬರೆದರೆ ಅದೇ ಜಾಗದಲ್ಲಿ ಬೀಳುತ್ತದೆ. ಎಸ್‌ಎಸ್‌ಡಿಯಲ್ಲಿ ಹಾಗಲ್ಲ. ಫ್ಲಾಶ್ ಚಿಪ್‌ಗಳು ಬರೆದಷ್ಟೂ ಸವೆಯುತ್ತವೆ. ಒಂದೇ ಕಡೆ ಸವೆಯದಿರಲಿ ಎಂದು ಒಳಗಿನ ಕಂಟ್ರೋಲರ್ ಪ್ರತಿ ಸಲ ಬೇರೆ ಜಾಗಕ್ಕೆ ಬರೆಯುತ್ತದೆ. ನಾವು 'ಇದರ ಮೇಲೆ ಬರೆ' ಅಂದರೆ ಅದು ಹೊಸ ಜಾಗದಲ್ಲಿ ಬರೆದು ಹಳೆಯದನ್ನು ಆಮೇಲೆ ಅಳಿಸಲು ಇಟ್ಟುಕೊಳ್ಳುತ್ತದೆ. ಜೊತೆಗೆ ನಮಗೆ ಕಾಣದ ಒಂದಿಷ್ಟು ಜಾಗವನ್ನು ತನಗೇ ಅಂತ ಮೀಸಲಿಟ್ಟಿರುತ್ತದೆ. ಅಲ್ಲಿ ಏನಿದೆ ಎಂದು ಯಾವ ಸಾಮಾನ್ಯ ಸಾಫ್ಟ್‌ವೇರೂ ನೋಡಲಾರದು.

2011ರಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮೈಕಲ್ ವೇ ಮತ್ತು ಜೊತೆಗಾರರು ಎಸ್‌ಎಸ್‌ಡಿಗಳ ಚಿಪ್‌ಗಳನ್ನೇ ನೇರ ಓದಿ ಪರೀಕ್ಷೆ ಮಾಡಿದರು. ಒಂದೊಂದೇ ಫೈಲನ್ನು ಗುರಿ ಮಾಡಿ ಅಳಿಸುವ ಯಾವ ವಿಧಾನವೂ ಕೆಲಸ ಮಾಡಲಿಲ್ಲ. ತಯಾರಕರೇ ಕೊಡುವ ಅಳಿಸುವ ಆಜ್ಞೆ ಸಾಮಾನ್ಯವಾಗಿ ಕೆಲಸ ಮಾಡಿತು. ಆದರೆ ಒಂದು ಡ್ರೈವ್ 'ಅಳಿಸಿದೆ' ಎಂದು ಹೇಳಿ ಎಲ್ಲವನ್ನೂ ಹಾಗೇ ಇಟ್ಟುಕೊಂಡಿತ್ತು.

ಇಲ್ಲಿ ನನ್ನ ನಿಯಮಕ್ಕೂ ಮಿತಿ ಇದೆ. ಎಸ್‌ಎಸ್‌ಡಿ ಮೇಲೆ ಫೋಟೋರೆಕ್ ಓಡಿಸಿದರೆ ಕಂಟ್ರೋಲರ್ ತೋರಿಸಿದ್ದಷ್ಟೇ ಕಾಣುತ್ತದೆ. ಡಿಲೀಟ್ ಆದ ಜಾಗವನ್ನು ಟ್ರಿಮ್ ಆಜ್ಞೆ ('ಈ ಜಾಗ ಇನ್ನು ಬೇಡ' ಎಂಬ ಸೂಚನೆ) ಬಂದ ಮೇಲೆ ಅದು ಸೊನ್ನೆ ಎಂದೇ ತೋರಿಸಬಹುದು. ಚಿಪ್‌ನಲ್ಲಿ ಹಳೆಯದು ಇನ್ನೂ ಇರಬಹುದು. ಹಾಗಾಗಿ ಇಲ್ಲಿ ಒಂದೇ ದಾರಿ ನೆಚ್ಚಿಕೊಳ್ಳದೆ ಎರಡು ಸೇರಿಸಿದೆ.

ಮೊದಲು ಇಡೀ ಎಸ್‌ಎಸ್‌ಡಿಯನ್ನು ನನ್ನದೇ ಒಂದು ಸಾಲಿನಿಂದ ತುಂಬಿಸಿದೆ: 'ಈ ಸಾಲು ಕಂಡರೆ ಕೆಲಸ ಆಗಿಲ್ಲ'. ಅದೇ ಸಾಲು, ಶುರುವಿನಿಂದ ಕೊನೆವರೆಗೆ. ಅಲ್ಲಿಗೆ ಹಳೆಯದರ ಮೇಲೆ ಒಂದು ಸುತ್ತು ಬರೆದಂತೆಯೂ ಆಯಿತು, ಹುಡುಕಲು ಗುರುತೂ ಸಿಕ್ಕಿತು. ಆಮೇಲೆ ಲಿನಕ್ಸ್‌ನ ಎಚ್‌ಡಿಪಾರ್ಮ್ ಎಂಬ ಸಾಧನ ಬಳಸಿ ಡ್ರೈವ್‌ನದೇ ಸೆಕ್ಯೂರ್ ಎರೇಸ್ (ಎಲ್ಲ ಅಳಿಸು ಎಂಬ ಆಜ್ಞೆ) ಕೊಡಬೇಕು. ಕೇಳಿದರೆ ಡ್ರೈವ್ 'ಫ್ರೋಜನ್' ಎಂದಿತು. ಯಾವುದೋ ವೈರಸ್ ಈ ಆಜ್ಞೆ ಕೊಟ್ಟುಬಿಡದಿರಲಿ ಎಂದು ಬಯಾಸ್ (ಕಂಪ್ಯೂಟರನ್ನು ಶುರು ಮಾಡುವ ಮೂಲ ಸಾಫ್ಟ್‌ವೇರ್) ಬೂಟ್ ಆಗುವಾಗ ಬೀಗ ಹಾಕುತ್ತದೆ. ಕಂಪ್ಯೂಟರನ್ನು ಸ್ಲೀಪ್‌ಗೆ ಕಳಿಸಿ ಎಬ್ಬಿಸಿದೆ, ಬೀಗ ತೆರೆಯಿತು. ತಾತ್ಕಾಲಿಕ ಪಾಸ್‌ವರ್ಡ್ ಹಾಕಿ ಆಜ್ಞೆ ಕೊಟ್ಟೆ. ನಡುವೆ ಕರೆಂಟ್ ಹೋದರೆ ಡ್ರೈವ್ ಆ ಪಾಸ್‌ವರ್ಡ್‌ನಲ್ಲೇ ಲಾಕ್ ಆಗಿ ಉಳಿಯಬಹುದು. ಅದಕ್ಕೇ ಯುಪಿಎಸ್ ಮೇಲೆ ಓಡಿಸಿದೆ, ಪಾಸ್‌ವರ್ಡ್ ಕಾಗದದಲ್ಲಿ ಬರೆದಿಟ್ಟೆ. ಡ್ರೈವನ್ನು ಮದರ್‌ಬೋರ್ಡ್‌ನ ಸಾಟಾ ಪೋರ್ಟ್‌ಗೇ ನೇರ ಜೋಡಿಸಿ. ಯುಎಸ್‌ಬಿ ಡಬ್ಬಿಗಳು ಎಷ್ಟೋ ಸಲ ಈ ಆಜ್ಞೆಯನ್ನು ದಾಟಿಸುವುದಿಲ್ಲ.

ಹಾರ್ಡ್ ಡಿಸ್ಕ್‌ಗೆ ಗಂಟೆಗಳು ಬೇಕಾದ ಕೆಲಸ ಇಲ್ಲಿ ಬೇಗನೆ ಮುಗಿಯಿತು. ಕಂಪ್ಯೂಟರ್ ಪೂರ್ತಿ ಆಫ್ ಮಾಡಿ ಮತ್ತೆ ಹಾಕಿ, ಇಡೀ ಡ್ರೈವ್‌ನಲ್ಲಿ ಆ ಸಾಲು ಹುಡುಕಿಸಿದೆ. ಒಂದು ಕಡೆಯೂ ಇಲ್ಲ.

ಎನ್‌ವಿಎಂಇ ಡ್ರೈವ್ (ಸಾಟಾ ಬಿಟ್ಟು ಬೇರೆ ದಾರಿಯಲ್ಲಿ ಜೋಡಿಸುವ ಎಸ್‌ಎಸ್‌ಡಿ) ಇರುವವರಿಗೆ ಎಚ್‌ಡಿಪಾರ್ಮ್ ಬದಲು ಎನ್‌ವಿಎಂಇ-ಸಿಎಲ್‌ಐ. ಅದರ 'ಫಾರ್ಮ್ಯಾಟ್' ಆಜ್ಞೆಯಲ್ಲಿ ಸೆಕ್ಯೂರ್ ಎರೇಸ್ ಆಯ್ಕೆ ಇದೆ. 'ಸ್ಯಾನಿಟೈಸ್' ಸಿಗುವ ಡ್ರೈವ್ ಆದರೆ ಅದೇ ಇನ್ನೂ ಒಳ್ಳೆಯದು. ಟಿ2 ಭದ್ರತಾ ಚಿಪ್ ಅಥವಾ ಆಪಲ್‌ನದೇ ಪ್ರೊಸೆಸರ್ ಇರುವ ಮ್ಯಾಕ್‌ಗೆ ಇಷ್ಟೆಲ್ಲ ಬೇಡ. ಮಾಂಟೆರಿ ಅಥವಾ ಅದಕ್ಕಿಂತ ಹೊಸ ಮ್ಯಾಕ್‌ಓಎಸ್‌ನಲ್ಲಿ ಎಲ್ಲ ಅಳಿಸುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲೇ ಇದೆ. ಅಲ್ಲಿ ಮಾಹಿತಿ ಮೊದಲಿನಿಂದಲೂ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದ ಗೂಢಲಿಪಿಯಲ್ಲಿರುತ್ತದೆ. ಕೀ ನಾಶವಾದರೆ ಉಳಿದದ್ದು ಓದಲು ಬಾರದ ಕಸ.

ಇದರಿಂದಲೇ ಹೊಸ ಕಂಪ್ಯೂಟರ್‌ಗೆ ಒಂದು ತೀರ್ಮಾನ ಮಾಡಿದ್ದೇನೆ. ಮೊದಲ ಫೈಲ್ ಹಾಕುವ ಮುಂಚೆಯೇ ವಿಂಡೋಸ್‌ನ ಎನ್‌ಕ್ರಿಪ್ಟ್ ಮಾಡುವ ಸೌಲಭ್ಯ ಬಿಟ್‌ಲಾಕರ್ ಆನ್. ಹಳೇ ಎಸ್‌ಎಸ್‌ಡಿಯಲ್ಲಿ ಈಗ ಬಿಟ್‌ಲಾಕರ್ ಹಾಕಿದ್ದರೂ ಮೂಲೆಯಲ್ಲಿ ಉಳಿದ ಹಳೇ ತುಣುಕುಗಳಿಗೆ ಅದು ಅನ್ವಯಿಸುತ್ತಿರಲಿಲ್ಲ. ಶುರುವಿನಿಂದಲೇ ಇದ್ದರೆ ಕಾಣದ ಜಾಗದಲ್ಲಿ ಏನು ಉಳಿದರೂ ಭಯವಿಲ್ಲ, ಅಲ್ವಾ? ರಿಕವರಿ ಕೀಯನ್ನು ಮಾತ್ರ ಬೇರೆಡೆ ಜೋಪಾನ ಮಾಡಬೇಕು.

ಮುಂದಿನ ಶನಿವಾರ

ಲಿನಕ್ಸ್ ಮಿಂಟ್ ಹಾಕಿದೆ. ಅದರಲ್ಲಿ ಓಇಎಂ ಇನ್‌ಸ್ಟಾಲ್ ಎಂಬ ಆಯ್ಕೆ ಇದೆ. ಕೊಂಡವರು ಮೊದಲ ಸಲ ಆನ್ ಮಾಡಿದಾಗ ತಮ್ಮ ಹೆಸರು, ಪಾಸ್‌ವರ್ಡ್ ತಾವೇ ಹಾಕಿಕೊಳ್ಳುತ್ತಾರೆ. ನನ್ನ ಹೆಸರಿನ ಖಾತೆ ಮತ್ತೆ ಅದರೊಳಗೆ ಹೋಗುವುದೇ ಇಲ್ಲ. ಬಯಾಸ್ ಪಾಸ್‌ವರ್ಡ್ ತೆಗೆದಿದ್ದೇನೆ. ಎರಡೂ ಡಿಸ್ಕ್‌ಗಳ ಸ್ಮಾರ್ಟ್ ವರದಿ ಪ್ರಿಂಟ್ ತೆಗೆದು ಕೊಳ್ಳುವವರಿಗೆ ಕೊಡಲು ಇಟ್ಟಿದ್ದೇನೆ.

ಇನ್ನು ಒಂದು ಬಾಕಿ. ಡ್ರಾಯರ್‌ನಲ್ಲಿ ಒಂದು ಹಳೇ ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕ್ ಇದೆ. ಟಿಕ್ ಟಿಕ್ ಎನ್ನುತ್ತದೆ, ಗುರುತಿಗೆ ಬರುವುದಿಲ್ಲ. ಯಾವ ಸಾಫ್ಟ್‌ವೇರೂ ಅದನ್ನು ಮುಟ್ಟಲಾರದು. ಆದರೆ ತಟ್ಟೆಯ ಮೇಲಿನ ಮಾಹಿತಿ ಹಾಗೇ ಇರುತ್ತದೆ. ಇದನ್ನು ಬಿಚ್ಚಿ ತಟ್ಟೆಯನ್ನೇ ಹಾಳು ಮಾಡಬೇಕು. ಲ್ಯಾಪ್‌ಟಾಪ್ ಡಿಸ್ಕ್‌ಗಳಲ್ಲಿ ತಟ್ಟೆ ಹೆಚ್ಚಾಗಿ ಗಾಜಿನದು. ಸುತ್ತಿಗೆ ಬಿದ್ದರೆ ಚೂರುಚೂರಾಗಿ ಸಿಡಿಯುತ್ತದೆ. ಹಾಗಾಗಿ ದಪ್ಪ ಬಟ್ಟೆಯಲ್ಲಿ ಸುತ್ತಿ, ಕನ್ನಡಕ, ಗ್ಲೌಸ್ ಹಾಕಿಕೊಂಡೇ ಮಾಡುವುದು. ಮುಚ್ಚಳಕ್ಕೆ ನಕ್ಷತ್ರದ ಆಕಾರದ ಟಾರ್ಕ್ಸ್ ಸ್ಕ್ರೂಗಳಿವೆ, ಒಂದು ಲೇಬಲ್ ಕೆಳಗೆ ಅಡಗಿದೆ. ನನ್ನ ಸೆಟ್‌ನಲ್ಲಿ ಆ ಅಳತೆಯದು ಇಲ್ಲ. ಸ್ಕ್ರೂಡ್ರೈವರ್ ಬಂದ ಮೇಲೆ ಮುಂದಿನದು ಬರೆಯುತ್ತೇನೆ.