ಉಸುಕು ಭಾಳ ಗಟ್ಟಿ ಐತಿ ತಮ್ಮಾ

ಕಂಪ್ಯೂಟರ್ ಚಿತ್ರದಲ್ಲೇ ಟಿ-72 ಟ್ಯಾಂಕ್ ಓಡಿಸಲು ಕಲಿಯುವವರ ಸಿಮ್ಯುಲೇಟರ್‌ಗೆ ಥಾರ್ ಮರುಭೂಮಿ ಕಟ್ಟುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನೆಲದ ಏರುತಗ್ಗಿನ ಲೆಕ್ಕಕ್ಕೇನೂ ಬರವಿಲ್ಲ. 2000ದಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರ್‌ನಿಂದ ಅಳೆದದ್ದು ಯಾರಿಗೆ ಬೇಕಾದರೂ ಸಿಗುತ್ತದೆ. ಆದರೆ ಅದರಲ್ಲಿ ಸುಮಾರು 30 ಮೀಟರಿಗೊಂದು ಅಳತೆ. ಟ್ಯಾಂಕಿನ ಟ್ರ್ಯಾಕ್, ಅಂದರೆ ಚಕ್ರಗಳ ಸುತ್ತ ತಿರುಗುವ ಉಕ್ಕಿನ ಪಟ್ಟಿ, ನೆಲಕ್ಕೆ ತಾಗುವುದೋ ನಾಲ್ಕು ಮೀಟರ್ ಚಿಲ್ಲರೆ. ಡ್ರೈವರ್‌ನ ಬೆನ್ನು ಮುರಿಯುವ ಗುಂಡಿಗಳೆಲ್ಲ ಆ ಎರಡು ಅಳತೆಗಳ ನಡುವೆಯೇ ಇರುತ್ತವೆ, ಅವನ್ನು ನಾವೇ ಹುಟ್ಟಿಸಬೇಕು. ಮರಳುದಿಬ್ಬಕ್ಕೆ ಗಾಳಿ ಬರುವ ಕಡೆ ಸಲೀಸು ಇಳಿಜಾರು ಕೊಟ್ಟೆ, ಮರೆಯ ಕಡೆ 33 ಡಿಗ್ರಿಯ ಆಸುಪಾಸು. ಎಕ್ಕದ ಗಿಡ, ಖೇಜ್ರಿ ಮರ ನೆಟ್ಟೆ. ನೋಡೋಕೆ ಚೆನ್ನಾಗಿತ್ತು.

ಪರೀಕ್ಷೆಗೆ ಬಂದವರು ಗದಗಿನ ಕಡೆಯ ನಿವೃತ್ತ ಟ್ಯಾಂಕ್ ಡ್ರೈವರ್. ಹ್ಯಾಚ್ ಮುಚ್ಚಿಕೊಂಡು, ಪೆರಿಸ್ಕೋಪಿನ ಕಿಂಡಿಯಲ್ಲಿ ಕಣ್ಣಿಟ್ಟು, ಎರಡೂ ಲಿವರ್ ಹಿಡಿದು ಕಡಿದಾದ ಕಡೆಯಿಂದಲೇ ದಿಬ್ಬ ಹತ್ತಿಸಿದರು. ಅರ್ಧ ಏರಿನಲ್ಲಿ ಬೇಕೆಂದೇ ಗೇರ್ ಬದಲಿಸಿದರು. ಗಾಡಿ ಜುಮ್ಮೆನ್ನದೆ ಹತ್ತಿತು. ಹೊರಗೆ ಬಂದು ಬೆವರು ಒರೆಸಿಕೊಂಡರು.

"ಚಿತ್ರ ಚಲೋ ಐತಿ. ಆದ್ರ ಉಸುಕು ಭಾಳ ಗಟ್ಟಿ ಐತಿ ತಮ್ಮಾ. ಇಷ್ಟೊತ್ತಿಗೆ ನಾ ಹುಗಿದು ಕೂಡಬೇಕಿತ್ತು."

ಏರಿಗೆ ಮೊದಲೇ ಗೇರ್ ಆರಿಸಿಕೊಳ್ಳಬೇಕಂತೆ. ನಡುವೆ ಬದಲಿಸೋಕೆ ಹೋದರೆ ವೇಗ ಸತ್ತು ಗಾಡಿ ನಿಂತೇ ಹೋಗುತ್ತದೆ. ಮೆತ್ತನೆ ಮರಳಲ್ಲಿ ಗಕ್ಕನೆ ತಿರುಗಿಸಿದರೆ ಪಕ್ಕದಲ್ಲಿ ಮರಳು ಒಟ್ಟಿಕೊಂಡು ಟ್ರ್ಯಾಕೇ ಕಳಚಿಕೊಳ್ಳಬಹುದು. 41 ಟನ್ನಿನ ಗಾಡಿಗೆ ಬಿಸಿಲಲ್ಲಿ ಟ್ರ್ಯಾಕ್ ಹಾಕುವುದು ಸುಮ್ನೆ ಮಾತಲ್ಲ. 1971ರ ಡಿಸೆಂಬರ್‌ನಲ್ಲಿ ರಾಜಸ್ಥಾನದ ಲೋಂಗೇವಾಲಾದಲ್ಲಿ ಪಾಕಿಸ್ತಾನದ ಟ್ಯಾಂಕ್‌ಗಳು ಮರಳಲ್ಲಿ ಸಿಕ್ಕಿಬಿದ್ದವು, ಬೆಳಗಾದ ಮೇಲೆ ನಮ್ಮ ಹಂಟರ್ ವಿಮಾನಗಳು ಬಂದವು. ಅದನ್ನೂ ಅವರೇ ನೆನಪಿಸಿದರು.

ನನಗನಿಸುವುದು, ನಾವು ಚಿತ್ರಕ್ಕೆ ಜಾಸ್ತಿ ಮರುಳಾಗುತ್ತೇವೆ. ಕಲಿಯುವ ಹುಡುಗ ಇಲ್ಲೇ ಹುಗಿದುಕೊಳ್ಳಲಿ, ಡೀಸೆಲ್ಲಾದರೂ ಉಳಿಯುತ್ತೆ ಅಲ್ವಾ? ಆಮೇಲೆ ನೆಲ ಎಲ್ಲಿ ಎಷ್ಟು ಮೆತ್ತಗೆ ಅನ್ನುವ ಇನ್ನೊಂದು ನಕ್ಷೆ ಬರೆದೆವು. ಮರೆಯ ಕಡೆ ಸಡಿಲ, ದಿಬ್ಬಗಳ ನಡುವಿನ ಬಯಲು ಗಟ್ಟಿ, ಮಳೆ ಬಿದ್ದರೆ ಮರಳು ಒಂದಿಷ್ಟು ಬಿಗಿ. ಕಣ್ಣಿಗೆ ಅದೇ ದಿಬ್ಬ, ಬಣ್ಣವೂ ಬದಲಾಗಲಿಲ್ಲ. ಮುಂದಿನ ಸಲ ಅವರು ಬಂದಾಗ ಗಾಡಿ ಎರಡು ಕಡೆ ಹೂತುಕೊಂಡಿತು. ಮೊದಲನೆಯದನ್ನು ಒಪ್ಪಿದರು. ಎರಡನೆಯ ಜಾಗದಲ್ಲಿ ಹೂಳುವುದು ಸಾಧ್ಯವೇ ಇಲ್ಲ ಅಂತ ಸಂಜೆವರೆಗೂ ವಾದ ಮಾಡಿದರು.